ಮೊದಲಿಗರ ಪಟ್ಟಿ ಸಾಲದು: ತಂತ್ರಜ್ಞಾನ ವಿಶ್ವವಿದ್ಯಾಲಯವೊಂದರಲ್ಲಿ ಕಪ್ಪು ಜನರ ಚರಿತ್ರೆ ದಾಖಲಿಸುವ ಬಗೆ

ಫೆಬ್ರವರಿ ಬಂತೆಂದರೆ ಅಮೆರಿಕದ ಕಾಲೇಜು ಗೋಡೆಗಳ ಮೇಲೆ ಕಪ್ಪು ಚರಿತ್ರೆ ತಿಂಗಳಿನ ಪೋಸ್ಟರ್‌ಗಳು ಏಳುತ್ತವೆ. ಇಂಜಿನಿಯರಿಂಗ್ ಕಾಲೇಜಾದರೆ ಪ್ರತಿ ವರ್ಷ ಅದೇ ನಾಲ್ಕೈದು ಮುಖ. ಮೊದಲ ಪದವೀಧರ, ಮೊದಲ ಪಿಎಚ್‌ಡಿ, ಮೊದಲ ಪ್ರೊಫೆಸರ್. ಮಾರ್ಚ್‌ನಲ್ಲಿ ಪೋಸ್ಟರ್ ಇಳಿಯುತ್ತದೆ. ಆ ಮೊದಲಿಗ ಎಲ್ಲಿ ಉಂಡ, ಯಾರ ಜೊತೆ ಕೂತು ಲೆಕ್ಕ ಬಿಡಿಸಿದ, ಅವನ ಹಿಂದೆ ಬಂದವರು ಯಾರು, ಅರ್ಧಕ್ಕೇ ಬಿಟ್ಟುಹೋದವರು ಯಾಕೆ ಹೋದರು? ಇದನ್ನೆಲ್ಲ ಕೇಳುವವರು ಕಡಿಮೆ.

ಈ ಲೇಖನ ಕೇಳಬೇಕು ಅನ್ನುವವರಿಗೆ. ನೀವು ಅಲ್ಲಿ ಓದುತ್ತಿರಬಹುದು, ಲೈಬ್ರರಿಯಲ್ಲಿ ಕೆಲಸ ಮಾಡುತ್ತಿರಬಹುದು, ಹಳೆ ವಿದ್ಯಾರ್ಥಿಗಳ ಸಂಘದಲ್ಲಿ ಓಡಾಡುತ್ತಿರಬಹುದು. ಕನ್ನಡದವರಿಗೆ ಈ ಉಸಾಬರಿ ಯಾಕೆ ಅಂತೀರಾ? 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿತು. ಯಾವ ದೇಶದವರಿಗೆ ಎಷ್ಟು ಜಾಗ ಅನ್ನುವ ಹಳೆ ಕೋಟಾ ಹೋಯಿತು. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಬಿಸಿ ಇಲ್ಲದಿದ್ದರೆ ಆ ಬದಲಾವಣೆ ಆಗ ಆಗುತ್ತಿತ್ತು ಅನ್ನುವುದು ಕಷ್ಟ. ಬೆಂಗಳೂರು, ಸುರತ್ಕಲ್‌ಗಳಿಂದ ಹೋಗಿ ಅಲ್ಲೇ ನೆಲೆಸಿದ ನಮ್ಮ ಇಂಜಿನಿಯರುಗಳು ಒಳಗೆ ಹೋದದ್ದು ಆ ಬಾಗಿಲಿನಿಂದಲೇ. ಕಾರಣ ಇಷ್ಟು ಸಾಕು ಅಲ್ವಾ?

ಉದಾಹರಣೆಗೆ ಮುಖ್ಯವಾಗಿ ಎಂಐಟಿಯನ್ನು, ಅಂದರೆ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿರುವ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯನ್ನು, ಇಟ್ಟುಕೊಂಡಿದ್ದೇನೆ. ಈ ಕೆಲಸ ಅಲ್ಲಿ ದಶಕಗಳಿಂದ ನಡೆದಿದೆ. ನಡುವೆ ವರ್ಜೀನಿಯಾ ಟೆಕ್ ಬರುತ್ತದೆ, ಯಾಕೆಂದರೆ ಕಪ್ಪು ಜನರಿಗೆ ಬೇರೆ, ಬಿಳಿಯರಿಗೆ ಬೇರೆ ಕಾಲೇಜು ಇಟ್ಟಿದ್ದ ದಕ್ಷಿಣದ ರಾಜ್ಯಗಳ ಕಥೆಯೇ ಬೇರೆ.

1. ಎಲ್ಲಿಂದ ಎಲ್ಲಿಗೆ ಅಂತ ಗೆರೆ ಹಾಕಿ

'ನಮ್ಮ ಕಾಲೇಜಿನ ಪೂರ್ತಿ ಕಪ್ಪು ಚರಿತ್ರೆ' ಅಂತ ಹೊರಟರೆ ಕೆಲಸ ಯಾವತ್ತೂ ಮುಗಿಯುವುದಿಲ್ಲ. ಒಂದು ಕಾಲ ಹಿಡಿಯಿರಿ. ಇಲ್ಲಾ ಒಂದು ವಿಭಾಗ, ಒಂದು ಹಾಸ್ಟೆಲ್, ಒಂದು ವಿದ್ಯಾರ್ಥಿ ಸಂಘ.

ಕ್ಲಾರೆನ್ಸ್ ವಿಲಿಯಮ್ಸ್ ಮಾಡಿದ್ದು ನೋಡಿ. ಅವರು 1972ರಲ್ಲಿ ಎಂಐಟಿಗೆ ಸಹಾಯಕ ಡೀನ್ ಆಗಿ ಬಂದವರು. 1995ರಲ್ಲಿ ಅಲ್ಲಿನ ಕಪ್ಪು ಚರಿತ್ರೆಯ ಯೋಜನೆ ಶುರು ಮಾಡಿದರು. ವಿದ್ಯಾರ್ಥಿಗಳು, ಅಧ್ಯಾಪಕರು, ಆಡಳಿತದವರನ್ನು ಕೂರಿಸಿ ಮಾತಾಡಿಸಿದರು. 2001ರಲ್ಲಿ ಆ ಮಾತುಕತೆಗಳು ದಪ್ಪ ಪುಸ್ತಕವಾಗಿ ಬಂದವು. ಅದರ ಕಾಲದ ಗೆರೆ 1941ರಿಂದ 1999. ಆ 1941 ಸುಮ್ನೆ ಆರಿಸಿದ ವರ್ಷ ಅಲ್ಲ ಅಂತ ನನ್ನ ಅನಿಸಿಕೆ. ಆಗ ಬದುಕಿದ್ದವರ ನೆನಪು ಹಿಂದಕ್ಕೆ ಹೋಗುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ ದೂರ. ಅದಕ್ಕಿಂತ ಹಳೆಯದು ಬೇಕಾದರೆ ಕಾಗದವೇ ಗತಿ.

ಹಾಗಾಗಿ ಮೊದಲ ದಿನ ಎರಡು ಪಟ್ಟಿ ಮಾಡಿ. ಯಾರನ್ನು ಮಾತಾಡಿಸಬಹುದು, ಯಾವ ಕಾಗದ ಹುಡುಕಬೇಕು. ಮೊದಲ ಪಟ್ಟಿಯನ್ನು ವಯಸ್ಸಿನ ಪ್ರಕಾರ ಜೋಡಿಸಿ ಮೇಲಿನಿಂದ ಶುರು ಮಾಡಿ. ಕಾಗದ ಇನ್ನೂ ಹತ್ತು ವರ್ಷ ಕಪಾಟಿನಲ್ಲಿ ಇರುತ್ತದೆ. 80 ದಾಟಿದವರ ವಿಷಯದಲ್ಲಿ ಹಾಗೆ ಹೇಳಕ್ಕಾಗಲ್ಲ.

2. 'ಮೊದಲ' ಅನ್ನುವಾಗ ಹುಷಾರು

ಯಾವುದರಲ್ಲಿ ಮೊದಲು? ಸೇರಿದ್ದರಲ್ಲೋ, ಪಾಸಾಗಿದ್ದರಲ್ಲೋ? ಇದು ತಲೆಹರಟೆ ಪ್ರಶ್ನೆ ಅಲ್ಲ. ವರ್ಜೀನಿಯಾ ಟೆಕ್‌ಗೆ ಮೊದಲು ಸೇರಿದ ಕಪ್ಪು ವಿದ್ಯಾರ್ಥಿ ಇರ್ವಿಂಗ್ ಪೆಡ್ರೂ, 1953ರಲ್ಲಿ. ಮೂರು ವರ್ಷ ಓದಿ ಪದವಿ ಇಲ್ಲದೆ ಹೊರಟುಹೋದರು. ಮೊದಲು ಪದವಿ ಪಡೆದದ್ದು ಚಾರ್ಲಿ ಯೇಟ್ಸ್, 1958ರಲ್ಲಿ. ಜಾರ್ಜಿಯಾ ಟೆಕ್‌ನಲ್ಲಿ 1961ರಲ್ಲಿ ಮೂವರು ಮೊದಲು ಕಾಲಿಟ್ಟರು: ಫೋರ್ಡ್ ಗ್ರೀನ್, ರಾಲ್ಫ್ ಲಾಂಗ್, ಲಾರೆನ್ಸ್ ವಿಲಿಯಮ್ಸ್. ಮೊದಲ ಪದವೀಧರ ಆ ಮೂವರಲ್ಲಿ ಯಾರೂ ಅಲ್ಲ, 1965ರಲ್ಲಿ ಪಾಸಾದ ರೊನಾಲ್ಡ್ ಯಾನ್ಸಿ.

ಪದವಿ ಪಡೆದವರ ಪಟ್ಟಿ ಮಾತ್ರ ಇಟ್ಟುಕೊಂಡು ಬರೆದರೆ ಪೆಡ್ರೂ ಅಂಥವರು ಚರಿತ್ರೆಯಿಂದಲೇ ಜಾರಿಹೋಗುತ್ತಾರೆ. ಆದ್ದರಿಂದ ನಿಮ್ಮ ಸ್ಪ್ರೆಡ್‌ಶೀಟ್‌ನಲ್ಲಿ ಸೇರಿದ ವರ್ಷ, ಬಿಟ್ಟ ವರ್ಷ, ಪದವಿ ಇವು ಬೇರೆ ಬೇರೆ ಕಾಲಂ ಆಗಿರಲಿ. ಪಕ್ಕದಲ್ಲಿ ಇನ್ನೊಂದು ಕಾಲಂ: ಈ ಮಾಹಿತಿ ಎಲ್ಲಿ ಸಿಕ್ಕಿತು. ಆ ಕಾಲಂ ಖಾಲಿ ಇದ್ದರೆ ಆ ಸಾಲನ್ನು ಎಲ್ಲೂ ಪ್ರಕಟಿಸಬೇಡಿ. ಇಷ್ಟೇ ನಿಯಮ.

3. ಅಚ್ಚಾದದ್ದನ್ನು ಮೊದಲು ಓದಿ

ಆರ್ಕೈವ್ಸ್, ಅಂದರೆ ಹಳೆ ದಾಖಲೆಗಳ ಕೋಣೆಗೆ ನುಗ್ಗುವ ಮೊದಲು ಮನೆಯಲ್ಲೇ ಕೂತು ನೋಡಬಹುದಾದದ್ದು ಬೇಕಾದಷ್ಟಿದೆ. ಹಳೆಯ ವಾರ್ಷಿಕ ಕ್ಯಾಟಲಾಗ್‌ಗಳಲ್ಲಿ ವಿದ್ಯಾರ್ಥಿಗಳ ಹೆಸರು, ಊರು, ಕೋರ್ಸು ಅಚ್ಚಾಗಿರುತ್ತಿತ್ತು. ಎಂಐಟಿಯ ವಿದ್ಯಾರ್ಥಿ ಪತ್ರಿಕೆ 'ದಿ ಟೆಕ್' 1881ರಿಂದ ಇದೆ, ಹಳೆ ಸಂಚಿಕೆಗಳು ಡಿಜಿಟಲ್ ಆಗಿವೆ. 'ಟೆಕ್ನೀಕ್' ಅನ್ನುವ ವಾರ್ಷಿಕ ಸಂಚಿಕೆಯಲ್ಲಿ ಫೋಟೋಗಳಿವೆ.

ಒಂದು ತೊಡಕಿದೆ. ಈ ಪಟ್ಟಿಗಳಲ್ಲಿ ಜನಾಂಗದ ಕಾಲಂ ಇರುವುದಿಲ್ಲ. ಆಗ ಜನ ಮಾಡುವ ಸುಲಭದ ಕೆಲಸ ಅಂದರೆ ಫೋಟೋ ನೋಡಿ ತೀರ್ಮಾನಿಸುವುದು. ದಯವಿಟ್ಟು ಬೇಡ. ನೂರು ವರ್ಷದ ಹಿಂದಿನ ಅಚ್ಚಿನ ಫೋಟೋದಲ್ಲಿ ಯಾರ ಬಣ್ಣವೂ ನಿಜವಲ್ಲ. ಹೆಸರು ಮತ್ತು ಊರು ಹಿಡಿದು ಕೇಂದ್ರ ಜನಗಣತಿಗೆ ಹೋಗಿ. ಅಲ್ಲಿ ಬಣ್ಣದ ಕಾಲಂ ಇದೆ. ಗಣತಿಯವನು ಬರೆದದ್ದೂ ವೇದವಾಕ್ಯ ಅಲ್ಲ, ಆದರೆ ನಿಮ್ಮ ಊಹೆಗಿಂತ ವಾಸಿ. ಮೂರನೆಯ ಸಾಕ್ಷಿಗೆ ಕಪ್ಪು ಜನರ ಪತ್ರಿಕೆಗಳಿವೆ. 1910ರಲ್ಲಿ ಶುರುವಾದ 'ದಿ ಕ್ರೈಸಿಸ್' ಪ್ರತಿ ವರ್ಷ ಶಿಕ್ಷಣ ಸಂಚಿಕೆ ತಂದು, ದೇಶದ ಕಾಲೇಜುಗಳಿಂದ ಹೊರಬಂದ ಕಪ್ಪು ಪದವೀಧರರ ಹೆಸರು, ಫೋಟೋ ಹಾಕುತ್ತಿತ್ತು. ಬಿಳಿಯರ ಕಾಲೇಜು ತನ್ನ ಬಗ್ಗೆ ಬರೆದುಕೊಳ್ಳದೆ ಬಿಟ್ಟದ್ದು ಎಷ್ಟೋ ಸಲ ಅಲ್ಲಿ ಸಿಗುತ್ತದೆ. ಬಾಸ್ಟನ್‌ನ 'ಗಾರ್ಡಿಯನ್', ಶಿಕಾಗೊದ 'ಡಿಫೆಂಡರ್' ಕೂಡ ನೋಡಿ.

ಹುಡುಕುವಾಗ ಇಂದಿನ ಪದ ಮಾತ್ರ ಹಾಕಿದರೆ ಏನೂ ಬರುವುದಿಲ್ಲ. 1960ರ ದಶಕದ ಮುಂಚಿನ ಪತ್ರಿಕೆಗಳಲ್ಲಿ 'ಕಲರ್ಡ್', 'ನೀಗ್ರೊ' ಅಂತಲೇ ಇರುತ್ತದೆ. ಹುಡುಕಲು ಅವು ಬೇಕು. ನಿಮ್ಮ ವಿವರಣೆಯಲ್ಲಿ ಬೇಡ.

ಇನ್ನೊಂದು ಮಾತು. ಎಂಐಟಿ ಕೇಂಬ್ರಿಜ್‌ಗೆ ಬಂದದ್ದು 1916ರಲ್ಲಿ. ಅದಕ್ಕೆ ಮುಂಚೆ ಅದು ನದಿಯ ಆಚೆ ಬಾಸ್ಟನ್ ನಗರದಲ್ಲಿತ್ತು. ಅಲ್ಲಿಂದ ಪದವಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ರಾಬರ್ಟ್ ರಾಬಿನ್ಸನ್ ಟೇಲರ್ 1888ರಿಂದ 1892ರವರೆಗೆ ಓದಿದ್ದು ಬಾಸ್ಟನ್‌ನಲ್ಲೇ. ಅವರ ಬಾಡಿಗೆ ಕೋಣೆ, ಚರ್ಚು, ಅಂಗಡಿ ಹುಡುಕುವವರು ಕೇಂಬ್ರಿಜ್‌ನ ಹಳೆ ವಿಳಾಸ ಪುಸ್ತಕ ತಿರುವಿದರೆ ಕೈಗೆ ಧೂಳಷ್ಟೇ ಹತ್ತುತ್ತದೆ. ನಿಮ್ಮ ಕಾಲೇಜು ಯಾವ ವರ್ಷ ಎಲ್ಲಿತ್ತು, ಆಗ ಅದರ ಹೆಸರೇನಿತ್ತು, ಮೊದಲು ಬರೆದಿಟ್ಟುಕೊಳ್ಳಿ.

4. ವಿದ್ಯಾರ್ಥಿಗಳಿಗೂ ಮುಂಚಿನವರನ್ನು ಹುಡುಕಿ

ಕಪ್ಪು ಚರಿತ್ರೆ ಅಂದರೆ ಮೊದಲ ವಿದ್ಯಾರ್ಥಿಯಿಂದ ಶುರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉತ್ತರದ ಕಾಲೇಜುಗಳಿಗಂತೂ ನಮಗೂ ಗುಲಾಮಗಿರಿಗೂ ಏನು ಸಂಬಂಧ ಅನ್ನುವ ನೆಮ್ಮದಿ. ಎಂಐಟಿಗೆ ಪರವಾನಗಿ ಸಿಕ್ಕಿದ್ದು 1861ರಲ್ಲಿ, ಗುಲಾಮಗಿರಿಗೆ ಕೊನೆ ಹಾಡಿದ ಅಂತರ್ಯುದ್ಧ ಶುರುವಾದ ವರ್ಷ. ಪಾಠ ಶುರುವಾದದ್ದು 1865ರಲ್ಲಿ, ಯುದ್ಧ ಮುಗಿದ ವರ್ಷ. ಹಾಗಿದ್ದ ಮೇಲೆ ಹುಡುಕಲು ಏನಿದೆ ಅನ್ನಿಸುತ್ತದೆ.

2017ರಲ್ಲಿ ಇತಿಹಾಸಕಾರ ಕ್ರೇಗ್ ಸ್ಟೀವನ್ ವೈಲ್ಡರ್ ಮತ್ತು ಆರ್ಕೈವಿಸ್ಟ್ ನೋರಾ ಮರ್ಫಿ ಇದನ್ನೇ ಒಂದು ತರಗತಿ ಮಾಡಿದರು. ವಿದ್ಯಾರ್ಥಿಗಳೇ ಸಂಶೋಧಕರು. ಸಂಸ್ಥಾಪಕ ವಿಲಿಯಂ ಬಾರ್ಟನ್ ರಾಜರ್ಸ್ ಎಂಐಟಿ ಕಟ್ಟುವ ಮುಂಚೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. 1850ರ ಜನಗಣತಿಯ ಪ್ರಕಾರ ಆಗ ಅವರ ಮನೆಯಲ್ಲಿ 6 ಜನ ಗುಲಾಮರಿದ್ದರು. 2018ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯವೇ ಇದನ್ನು ಎಲ್ಲರ ಮುಂದಿಟ್ಟಿತು.

ಆ ಕಾಗದ ಹೇಗಿರುತ್ತದೆ ಅಂತ ಒಮ್ಮೆ ನೋಡಬೇಕು. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಪ್ರತ್ಯೇಕ ಹಾಳೆ. ಎಡಕ್ಕೆ ಒಡೆಯನ ಹೆಸರು. ಅದರ ಕೆಳಗೆ ಸಾಲುಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರು ಇಲ್ಲ. ಒಂದು ಸಾಲು ಅಂದರೆ ಒಬ್ಬ ಮನುಷ್ಯ, ಅಷ್ಟೇ. ಗುಲಾಮರಾಗಿದ್ದವರೆಲ್ಲರ ಹೆಸರು ಗಣತಿಯಲ್ಲಿ ಬರುವುದು 1870ರಿಂದ. ಹಾಗಾಗಿ ಕಪ್ಪು ಕುಟುಂಬಗಳ ವಂಶವೃಕ್ಷ ಬರೆಯುವವರಿಗೆ 1870 ಒಂದು ಗೋಡೆ. ಅದನ್ನು ದಾಟಬೇಕಾದರೆ ಒಡೆಯನ ಉಯಿಲು, ಆಸ್ತಿ ಪಟ್ಟಿ, ಸಾಲದ ಪತ್ರ, ಮನೆಯ ಖರ್ಚಿನ ಪುಸ್ತಕ, ಹೆಂಡತಿ ಬರೆದ ಕಾಗದ ಇವನ್ನೆಲ್ಲ ಓದಬೇಕು. ಹೆಸರು ಸಿಗುವುದು ಅಲ್ಲಿಯೇ.

ನಿಮ್ಮ ಕಾಲೇಜಿಗೆ ಇದನ್ನು ಹೊಂದಿಸುವುದು ಹೀಗೆ: ಸಂಸ್ಥಾಪಕರು, ಮೊದಲ ಟ್ರಸ್ಟಿಗಳು, ದೊಡ್ಡ ದಾನಿಗಳು, ಇವರ ಪಟ್ಟಿ ಮಾಡಿ. ಒಬ್ಬೊಬ್ಬರ ದುಡ್ಡು ಎಲ್ಲಿಂದ ಬಂತು ಅಂತ ನೋಡಿ. ಬಾಸ್ಟನ್ ಸುತ್ತಲಿನ ಈಶಾನ್ಯ ರಾಜ್ಯಗಳಾದ ನ್ಯೂ ಇಂಗ್ಲೆಂಡ್ ಆದರೆ ಬಟ್ಟೆ ಗಿರಣಿ ಸಿಗುತ್ತದೆ. ಗಿರಣಿಗೆ ಹತ್ತಿ ಬಂದದ್ದು ದಕ್ಷಿಣದಲ್ಲಿ ಗುಲಾಮರು ದುಡಿದ ಹೊಲಗಳಿಂದ.

5. ಥೀಸಿಸ್ ತೆರೆದು ನೋಡಿ

ತಂತ್ರಜ್ಞಾನ ಕಾಲೇಜಿಗೆ ಒಂದು ಅನುಕೂಲ ಇದೆ. ಪ್ರತಿಯೊಬ್ಬರೂ ಏನಾದರೂ ಮಾಡಿ ತೋರಿಸಿ ಹೋಗಿರುತ್ತಾರೆ. ಟೇಲರ್ 1892ರಲ್ಲಿ ಕೊಟ್ಟ ಥೀಸಿಸ್ ಮಾಜಿ ಸೈನಿಕರ ಆಶ್ರಯಧಾಮವೊಂದರ ವಿನ್ಯಾಸ. ಆಮೇಲೆ ಅವರು ಅಲಬಾಮಾದ ಟಸ್ಕೀಗಿಯಲ್ಲಿದ್ದ ಕಪ್ಪು ಜನರ ಕಾಲೇಜಿಗೆ ಹೋಗಿ ಅಲ್ಲಿನ ಕಟ್ಟಡಗಳನ್ನು ಕಟ್ಟಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ವಾಸ್ತುಶಿಲ್ಪದ ವಿದ್ಯಾರ್ಥಿ ಒಬ್ಬ ಒಂದು ಸೆಮಿಸ್ಟರ್‌ನಲ್ಲಿ ಮಾಡಬಹುದು.

ಹೊಸ ಕಾಲದ ಥೀಸಿಸ್‌ಗಳಲ್ಲಿ ಮೊದಲು ಓದಬೇಕಾದ್ದು ಕೃತಜ್ಞತೆಯ ಪುಟ. ಗೈಡ್ ಯಾರು, ಜೊತೆಯವರು ಯಾರು, ಟೈಪ್ ಮಾಡಿಕೊಟ್ಟವರು ಯಾರು, ಯಾವ ಚರ್ಚು, ಯಾವ ಸ್ಕಾಲರ್‌ಶಿಪ್ ಎಲ್ಲ ಅಲ್ಲಿರುತ್ತದೆ. ಒಂದು ಪುಟದಿಂದ ಐದಾರು ಹೊಸ ಹೆಸರು ಸಿಕ್ಕರೂ ಆಶ್ಚರ್ಯ ಇಲ್ಲ.

ಥೀಸಿಸ್ ಹೇಳದೇ ಇರುವುದೂ ಇದೆ. ರೊನಾಲ್ಡ್ ಮೆಕ್‌ನೇರ್ 1976ರಲ್ಲಿ ಎಂಐಟಿಯಿಂದ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದರು. ಮುಂದೆ ಗಗನಯಾತ್ರಿಯಾಗಿ 1986ರ ಚಾಲೆಂಜರ್ ದುರಂತದಲ್ಲಿ ತೀರಿಕೊಂಡರು. ಪಿಎಚ್‌ಡಿ ಮಾಡುವಾಗ ಅವರ ಲೇಸರ್ ಪ್ರಯೋಗಗಳ ಮಾಹಿತಿ ಕಳುವಾಗಿ, ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಪದವಿ ಪತ್ರದಲ್ಲಿ ಇದು ಎಲ್ಲಿರುತ್ತದೆ? ಜನರನ್ನೇ ಕೇಳಬೇಕು.

6. ಕಾಂಪೌಂಡಿನ ಹೊರಗೆ ನಡೆಯಿರಿ

ಈ ಹಂತವನ್ನು ಬಿಡುವವರೇ ಜಾಸ್ತಿ. ನನ್ನ ಕೇಳಿದರೆ ಎಲ್ಲಕ್ಕಿಂತ ಮುಖ್ಯ ಇದೇ.

ಪೆಡ್ರೂ ವಿಷಯಕ್ಕೆ ವಾಪಸ್ ಬರೋಣ. ಅವರಿಗೆ ಸೀಟು ಸಿಕ್ಕಿದ್ದೇ ಒಂದು ಸಂದಿಯಲ್ಲಿ. ವರ್ಜೀನಿಯಾದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಬೇರೆ ಸರ್ಕಾರಿ ಕಾಲೇಜು ಇತ್ತು. ಅಲ್ಲಿ ಇಲ್ಲದ ಕೋರ್ಸು ಬೇಕೆಂದರೆ ಮಾತ್ರ ಬಿಳಿಯರ ಕಾಲೇಜಿನ ಬಾಗಿಲು ಸ್ವಲ್ಪ ತೆರೆಯುತ್ತಿತ್ತು. ಇಂಜಿನಿಯರಿಂಗ್ ಅಂಥ ಕೋರ್ಸು. ದಕ್ಷಿಣದ ತಾಂತ್ರಿಕ ಕಾಲೇಜೊಂದರ ಚರಿತ್ರೆ ಬರೆಯುತ್ತಿದ್ದರೆ ಆ ರಾಜ್ಯದ ಕಪ್ಪು ಕಾಲೇಜಿನ ಅದೇ ವರ್ಷದ ಕ್ಯಾಟಲಾಗನ್ನೂ ತರಿಸಿಕೊಳ್ಳಿ. ಅದರಲ್ಲಿ ಯಾವ ಕೋರ್ಸು ಇಲ್ಲವೋ ಅದೇ ನಿಮ್ಮ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿಗಳ ಕೋರ್ಸು ಆಗಿರುವ ಸಂಭವ ಜಾಸ್ತಿ.

ಸೀಟು ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ. ಊಟದ ಹಾಲ್‌ಗೂ ಪ್ರವೇಶ ಇಲ್ಲ. ತರಗತಿಯಲ್ಲಿ ಕೂರಬಹುದು, ಕೆಡೆಟ್ ಸಮವಸ್ತ್ರ ತೊಟ್ಟು ಕವಾಯತು ಮಾಡಬಹುದು, ತಟ್ಟೆ ಹಿಡಿಯುವಂತಿಲ್ಲ. ಕಾಲೇಜು ಇರುವ ಬ್ಲ್ಯಾಕ್ಸ್‌ಬರ್ಗ್ ಊರಿನ ಕಪ್ಪು ದಂಪತಿ ಜೇನಿ ಮತ್ತು ವಿಲಿಯಂ ಹೋಗ್ ತಮ್ಮ ಮನೆಯಲ್ಲಿ ಜಾಗ ಕೊಟ್ಟರು. ಮುಂದಿನ ವರ್ಷ ಬಂದ ಲಿಂಡ್ಸೆ ಚೆರಿ, ಫ್ಲಾಯ್ಡ್ ವಿಲ್ಸನ್, ಚಾರ್ಲಿ ಯೇಟ್ಸ್ ಕೂಡ ಅದೇ ಮನೆ ಸೇರಿದರು. ಕಾಲೇಜು ಮಾಡಬೇಕಾದ ಕೆಲಸವನ್ನು ಒಂದು ಅಡುಗೆಮನೆ ಮಾಡಿತು. ಹೋಗ್ ದಂಪತಿ ಪ್ರೊಫೆಸರ್ ಅಲ್ಲ, ವಿದ್ಯಾರ್ಥಿಯೂ ಅಲ್ಲ. ಕಾಲೇಜಿನ ಕಾಗದ ಮಾತ್ರ ನೋಡಿದವರಿಗೆ ಅವರು ಕಾಣುವುದೇ ಇಲ್ಲ. 2020ರಲ್ಲಿ ಅಲ್ಲಿನ ಒಂದು ವಸತಿ ಕಟ್ಟಡಕ್ಕೆ ಅವರ ಹೆಸರು ಇಟ್ಟರು.

ಹಾಗಾಗಿ ಊರಿನ ನಕ್ಷೆ ಹಿಡಿದು ನಾಲ್ಕು ಜಾಗ ಗುರುತು ಮಾಡಿ: ಕಪ್ಪು ಚರ್ಚು, ಕ್ಷೌರದಂಗಡಿ, ಬಾಡಿಗೆ ಮನೆಗಳು, ಕ್ಯಾಂಪಸ್‌ನಲ್ಲಿ ಅಡುಗೆ, ಕಸ, ಬಾಯ್ಲರ್ ಕೆಲಸ ಮಾಡುತ್ತಿದ್ದವರ ಓಣಿ. ಮೆಕ್‌ನೇರ್ ಕೇಂಬ್ರಿಜ್‌ನ ಸೇಂಟ್ ಪಾಲ್ ಚರ್ಚಿನಲ್ಲಿ ಕರಾಟೆ ಕಲಿಸುತ್ತಿದ್ದರು. ಇಂಥದ್ದು ಭೌತಶಾಸ್ತ್ರ ವಿಭಾಗದ ಕಡತದಲ್ಲಿ ಸಿಗಲ್ಲ. ಚರ್ಚಿನ ಹಳೆ ಭಾನುವಾರದ ಹಾಳೆಗಳಲ್ಲಿ ಸಿಗಬಹುದು. ಕೆಲಸಗಾರರಿಗೆ ಸಂಬಳದ ರಿಜಿಸ್ಟರ್ ಮತ್ತು ನಗರದ ವಿಳಾಸ ಪುಸ್ತಕ ಜೋಡಿಸಿ ನೋಡಿ.

ಟೇಲರ್ ಬಗ್ಗೆ ಬರೆಯುವವರು ಟಸ್ಕೀಗಿ ಆರ್ಕೈವ್ಸ್‌ಗೂ ಪತ್ರ ಬರೆಯಲೇಬೇಕು. ಬದುಕಿನ ನಾಲ್ಕು ವರ್ಷ ಬಾಸ್ಟನ್, ಉಳಿದದ್ದು ಬಹುಪಾಲು ಟಸ್ಕೀಗಿ. 1911ರಲ್ಲಿ ಎಂಐಟಿಯ 50ನೇ ವರ್ಷದ ಸಮಾವೇಶಕ್ಕೆ ಬಂದು ಪ್ರಬಂಧ ಓದಿದ್ದಾರೆ. 1942ರಲ್ಲಿ ತೀರಿಕೊಂಡದ್ದು ತಾವೇ ವಿನ್ಯಾಸ ಮಾಡಿದ ಟಸ್ಕೀಗಿ ಚಾಪೆಲ್‌ನಲ್ಲಿ ಪ್ರಾರ್ಥನೆಗೆ ಹೋಗಿದ್ದಾಗ. ಆ ಚಾಪೆಲ್ 1957ರಲ್ಲಿ ಬೆಂಕಿಗೆ ಆಹುತಿಯಾಯಿತು.

7. ಸಂದರ್ಶನ

ಸಾಧನ ಸರಳ. ರೆಕಾರ್ಡರ್ ಅಥವಾ ಒಳ್ಳೆಯ ಮೈಕ್ ಹಾಕಿದ ಫೋನ್. ಎಂಪಿ3 ಬೇಡ, ವೇವ್ ಫೈಲ್ ಇರಲಿ, 24 ಬಿಟ್, 48 ಕಿಲೋಹರ್ಟ್ಸ್. ಅಡುಗೆಮನೆಯ ಫ್ರಿಜ್ ಪಕ್ಕ ಕೂರಬೇಡಿ, ಅದರ ಗುಂಯ್‌ಗುಡುವಿಕೆ ಆಮೇಲೆ ತೆಗೆಯಕ್ಕಾಗಲ್ಲ. ಶುರುವಿನಲ್ಲಿ ದಿನಾಂಕ, ಜಾಗ, ಇಬ್ಬರ ಹೆಸರು ಹೇಳಿ.

ಪ್ರಶ್ನೆಗಳು ಕಷ್ಟ. 'ತಾರತಮ್ಯ ಅನುಭವಿಸಿದಿರಾ?' ಅಂತ ನೇರವಾಗಿ ಕೇಳಿದರೆ 'ಹೂಂ, ಇತ್ತು' ಅಂತ ಒಂದು ಉತ್ತರ ಬರುತ್ತದೆ, ಮಾತು ನಿಲ್ಲುತ್ತದೆ. ಅದರ ಬದಲು ದಿನಚರಿ ಕೇಳಿ. ಹೋಮ್‌ವರ್ಕ್ ಯಾರ ಜೊತೆ ಮಾಡುತ್ತಿದ್ದಿರಿ? ಲ್ಯಾಬ್‌ನಲ್ಲಿ ನಿಮ್ಮ ಜೋಡಿ ಯಾರು? ರಾತ್ರಿ ಎಷ್ಟೊತ್ತಿಗೆ, ಯಾವ ದಾರಿಯಲ್ಲಿ ಮನೆಗೆ ಹೋಗುತ್ತಿದ್ದಿರಿ? ಹಳೆ ಪ್ರಶ್ನೆಪತ್ರಿಕೆ, ಬಿಡಿಸಿದ ಲೆಕ್ಕಗಳ ಕಟ್ಟಿಗೆ ಎಂಐಟಿಯವರು 'ಬೈಬಲ್' ಅನ್ನುತ್ತಾರೆ. ಅದು ನಿಮ್ಮ ಕೈಗೆ ಬರುತ್ತಿತ್ತಾ, ಯಾರು ಕೊಡುತ್ತಿದ್ದರು? ತಾಂತ್ರಿಕ ಕಾಲೇಜಿನಲ್ಲಿ ಹೊರಗಿಡುವುದು ನಡೆಯುವುದು ಇಂಥ ಕಡೆಯೇ. 1964ರಲ್ಲಿ ಎಂಐಟಿ ಸೇರಿದ ಶರ್ಲಿ ಆ್ಯನ್ ಜಾಕ್ಸನ್ ಅವರನ್ನು ಜೊತೆಯ ಹುಡುಗಿಯರು ತಮ್ಮ ಓದಿನ ಗುಂಪಿಗೆ ಸೇರಿಸಿಕೊಳ್ಳಲಿಲ್ಲ. ಅವರೇ ಹೇಳಿಕೊಂಡಿರುವ ಮಾತಿದು. 1973ರಲ್ಲಿ ಅಲ್ಲಿಯೇ ಪಿಎಚ್‌ಡಿ ಪಡೆದರು. ಎಂಐಟಿಯಿಂದ ಪಿಎಚ್‌ಡಿ ಪಡೆದ ಮೊದಲ ಕಪ್ಪು ಮಹಿಳೆ ಅವರು. ಪೋಸ್ಟರ್‌ನಲ್ಲಿ ಎರಡನೆಯ ಸಂಗತಿ ಮಾತ್ರ ಇರುತ್ತದೆ.

ಸಂಘಟನೆಯ ಬಗ್ಗೆಯೂ ಕೇಳಿ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ 1968ರಲ್ಲೇ ಎಂಐಟಿಯಲ್ಲಿ ಕಪ್ಪು ವಿದ್ಯಾರ್ಥಿ ಒಕ್ಕೂಟ ಹುಟ್ಟಿತು. ಜಾಕ್ಸನ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಒಕ್ಕೂಟದ ಬೇಡಿಕೆಗಳ ಒತ್ತಡಕ್ಕೆ ಆಡಳಿತ ಸಮಿತಿ ಮಾಡಿತು, 1969ರಲ್ಲಿ ಹೊಸ ವಿದ್ಯಾರ್ಥಿಗಳಿಗೆ 'ಇಂಟರ್‌ಫೇಸ್' ಅನ್ನುವ ಬೇಸಿಗೆ ತರಗತಿ ಶುರುವಾಯಿತು. ಬೇಡಿಕೆ ಪತ್ರ ಎಲ್ಲಿ ಕೂತು ಬರೆದಿರಿ, ಯಾರು ಟೈಪ್ ಮಾಡಿದರು, ಯಾರು ಸಹಿ ಹಾಕಲಿಲ್ಲ, ಇಂಥದ್ದನ್ನು ಕೇಳಿ. ಟೈಪ್ ಮಾಡಿದವರು ಇನ್ನೂ ಸಿಗಬಹುದು. ಅವರ ಟ್ರಂಕಿನಲ್ಲಿ ಕಾರ್ಬನ್ ಪ್ರತಿಯೂ ಇರಬಹುದು.

ಎರಡು ಗಂಟೆಗಿಂತ ಜಾಸ್ತಿ ಕೂರಿಸಬೇಡಿ. ನೋವಿನ ವಿಷಯ ಬಂದಾಗ ಮಾತು ತುಂಬಿಸಲು ಹೋಗಬೇಡಿ, ಸುಮ್ನೆ ಕಾಯಿರಿ.

8. ಒಪ್ಪಿಗೆ ಮತ್ತು ಕಾನೂನು

ಒಪ್ಪಿಗೆ ಪತ್ರಕ್ಕೆ ಸಹಿ ಮುಂಚೆಯೇ ಆಗಲಿ. ಅದರಲ್ಲಿ ಮೂರು ಆಯ್ಕೆ ಕೊಡಿ: ಪೂರ್ತಿ ತೆರೆದಿಡಬಹುದು, ಇಂಥ ಭಾಗ ಮುಚ್ಚಿಡಿ, ಇಂಥ ವರ್ಷದವರೆಗೆ ಮುಚ್ಚಿಡಿ. ಮಾತಿನ ಬರಹರೂಪ ಓದಿ ತಿದ್ದುವ ಹಕ್ಕು ಮಾತಾಡಿದವರದ್ದು.

ಅಮೆರಿಕದಲ್ಲಿ ವಿದ್ಯಾರ್ಥಿಗಳ ಅಂಕ, ಶಿಸ್ತು ಕ್ರಮದ ಕಡತಗಳಿಗೆ 1974ರ ಫರ್ಪಾ ಕಾನೂನಿನ ರಕ್ಷಣೆ ಇದೆ. ಅವರ ಒಪ್ಪಿಗೆ ಇಲ್ಲದೆ ಕಾಲೇಜು ಅವನ್ನು ತೋರಿಸುವಂತಿಲ್ಲ. ಆದರೆ ಪತ್ರಿಕೆ, ವಾರ್ಷಿಕ ಸಂಚಿಕೆ, ಘಟಿಕೋತ್ಸವದ ಪುಸ್ತಕ ಯಾವತ್ತೋ ಅಚ್ಚಾಗಿ ಊರಿಗೆಲ್ಲ ಹೋಗಿವೆ. ಅವುಗಳಿಂದಲೇ ಕೆಲಸ ಸಾಗಿಸಿ. ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ಫೋಟೋದಲ್ಲಿ ಇರುವವರದ್ದಲ್ಲ. ಯಾರದ್ದೋ ಮನೆಯ ಆಲ್ಬಮ್ ಸ್ಕ್ಯಾನ್ ಮಾಡುವಾಗ ಇದನ್ನು ಮೊದಲೇ ಮಾತಾಡಿಕೊಳ್ಳಿ. ಮೂಲ ಫೋಟೋ ಅವರ ಹತ್ತಿರವೇ ಇರಲಿ.

9. ಇಡುವುದು, ಬಿಡುವುದು

ಫೈಲಿಗೆ ಹೆಸರು ಇಡುವಾಗ ವರ್ಷ, ತಿಂಗಳು, ದಿನ, ಆಮೇಲೆ ಮನೆತನದ ಹೆಸರು, ಆಮೇಲೆ ಸಂಖ್ಯೆ. 'ಅಂತಿಮ', 'ಅಂತಿಮ-ಹೊಸದು' ಅಂತ ಇಟ್ಟರೆ ಆರು ತಿಂಗಳಲ್ಲಿ ನಿಮಗೇ ಗೊತ್ತಾಗಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ವಿದ್ಯಾರ್ಥಿ ಸಂಘದ ಡ್ರೈವ್‌ನಲ್ಲಿ ಮಾತ್ರ ಇಟ್ಟ ಯೋಜನೆ ಅಧ್ಯಕ್ಷರು ಪಾಸಾಗಿ ಹೋದ ದಿನ ಕಳೆದುಹೋಗುತ್ತದೆ. ಶುರುವಿನಲ್ಲೇ ಕಾಲೇಜಿನ ಆರ್ಕೈವ್ಸ್ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ.

ಮಾತನ್ನು ಬರಹಕ್ಕೆ ಇಳಿಸಲು ಸಾಫ್ಟ್‌ವೇರ್ ಬಳಸಿ, ತಪ್ಪಿಲ್ಲ. ಜನರ ಹೆಸರು, ಊರ ಹೆಸರನ್ನು ಅದು ಕೆಡಿಸಿಯೇ ಇಡುತ್ತದೆ. ಒಬ್ಬರು ಕೂತು ಆಡಿಯೋ ಕೇಳುತ್ತಾ ತಿದ್ದಲೇಬೇಕು.

ಹೊರಗೆ ಬಿಡುವ ಮುಂಚೆ ಕರಡನ್ನು ಮಾತಾಡಿದವರಿಗೂ, ತೀರಿಕೊಂಡವರಾದರೆ ಅವರ ಮನೆಯವರಿಗೂ ಕಳಿಸಿ. ಬಿಟ್ಟ ಮೇಲೆ ಪ್ರತಿ ಪುಟದ ಕೆಳಗೆ ತಿದ್ದುಪಡಿಗೆ ಒಂದು ಇಮೇಲ್ ಇರಲಿ, ಅದು ಒಬ್ಬ ವಿದ್ಯಾರ್ಥಿಯ ಸ್ವಂತ ವಿಳಾಸ ಆಗದಿರಲಿ. 'ನೀವು ಹಾಕಿರುವ ಫೋಟೋದಲ್ಲಿ ಎಡಗಡೆ ನಿಂತಿರುವುದು ನಮ್ಮ ಅತ್ತೆ, ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದರು' ಅನ್ನುವ ಬಗೆಯ ಪತ್ರ ಬರುವುದು ಆ ವಿಳಾಸಕ್ಕೇ. ವಾರಕ್ಕೊಮ್ಮೆ ತೆರೆದು ನೋಡಿ, ಬಂದ ಹೆಸರನ್ನು ಸ್ಪ್ರೆಡ್‌ಶೀಟ್‌ಗೆ ಸೇರಿಸಿ, ಅದೇ ವಾರ ಫೋನ್ ಮಾಡಿ.